ಅರ್ಧ ಇಂಚು ಬಿಗಿಯಾದ ಅಂಗಿ

ಹೊಸನಗರ, ಹೊರಡುವ ಮುಂಚೆ

ನಾರ್ವೆ ದೇಶದ ಉತ್ತರದ ತುದಿಯಲ್ಲಿ ಒಂದು ಮೀನುಗಾರರ ಊರಿದೆ. ಅಲ್ಲಿ ಐದು ದಿನ ಇದ್ದು ಬಂದೆ. ಆ ಐದು ದಿನವೂ ಅಲ್ಲಿಯ ಜನ ನನ್ನನ್ನು ಕರೆದದ್ದು ಸತ್ತುಹೋದ ನನ್ನ ಗೆಳೆಯನ ಹೆಸರಿನಿಂದ. ಇದನ್ನು ನಮ್ಮ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಹೇಳಿದರೆ, "ದೇವೇಂದ್ರಣ್ಣ, ನಿಮ್ ಕತೆಗೆ ಯಾವಾಗ್ಲೂ ಬಾಲ ಉದ್ದ" ಎನ್ನುತ್ತಾರೆ. ಅದಕ್ಕೇ ಬರೆದು ಇಡುತ್ತಿದ್ದೇನೆ. ನಾನು ಹೊಲಿಗೆಯವನು. ಬಟ್ಟೆ ಎಷ್ಟಿದೆಯೋ ಅಷ್ಟನ್ನೇ ಕತ್ತರಿಸಿ ಅಭ್ಯಾಸ.

ತೀರ್ಥಹಳ್ಳಿಯ ಸಿಂಚನಾ ಎಂಬ ಹುಡುಗಿ ಸಿನಿಮಾ ಮಾಡುತ್ತೇನೆಂದು ಹೊರಟವಳು ಪಾತ್ರಧಾರಿಗಳ ಬಟ್ಟೆ ಹೊಲಿಸಲು ನನ್ನ ಅಂಗಡಿಗೆ ಬಂದಳು. ಎಂಟು ಅಂಗಿ, ನಾಲ್ಕು ರವಿಕೆ ಹೊಲಿದುಕೊಟ್ಟೆ. ಅಷ್ಟಕ್ಕೆ ಪರದೆಯ ಮೇಲೆ 'ವಸ್ತ್ರ ವಿನ್ಯಾಸ' ಎಂದು ನನ್ನ ಹೆಸರು ಹಾಕಿದ್ದಾಳೆ. ವಿನ್ಯಾಸ ಗಿನ್ಯಾಸ ನನಗೆ ತಿಳಿಯದು. ಕಾಜ ಮಾತ್ರ ನೆಟ್ಟಗೆ ಹಾಕಿದ್ದೆ. ಒಬ್ಬ ಮುದುಕನ ಪಾತ್ರಕ್ಕೆ ಜನ ಸಿಗುತ್ತಿಲ್ಲ ಎಂದು ಅವಳು ಪೇಚಾಡುವಾಗ, ನಿಟ್ಟೂರಿನ ಚೌಡಪ್ಪನನ್ನು ತೋರಿಸಿದವನೂ ನಾನೇ.

ಚೌಡಪ್ಪ, ನಾನು ಮೀಸೆ ಮೂಡುವ ಕಾಲದಲ್ಲಿ ಒಂದು ಟೂರಿಂಗ್ ಟಾಕೀಸಿನಲ್ಲಿ ಜೊತೆಗಿದ್ದವರು. ಅವನು ಪ್ರೊಜೆಕ್ಟರಿನವನ ಕೈಕೆಳಗೆ. ನಾನು ಹರಿದ ಡೇರೆಗೆ ತೇಪೆ ಹಾಕಲು. ನನ್ನ ಹೊಲಿಗೆ ವಿದ್ಯೆ ಶುರುವಾದದ್ದೇ ಆ ಡೇರೆಯಿಂದ. ಚೌಡಪ್ಪನಿಗೆ ಒಂದು ಕಾಯಿಲೆ ಇತ್ತು: ನಗಬಾರದ ಜಾಗದಲ್ಲೇ ಅವನಿಗೆ ನಗು ಬರುವುದು. ಭಜನೆಯಲ್ಲಿ ನಕ್ಕು ಹೊರಗೆ ಹಾಕಿಸಿಕೊಂಡಿದ್ದಾನೆ. ಪಂಚಾಯ್ತಿಯಲ್ಲಿ ನಕ್ಕು ಬೈಸಿಕೊಂಡಿದ್ದಾನೆ. ತನ್ನದೇ ಧಾರೆಯ ದಿನ ಪುರೋಹಿತರು ಮೂರು ಸಲ ಸೀನಿದ್ದಕ್ಕೆ, ಹಸೆಮಣೆಯ ಮೇಲೆ ಕೂತು ನಗು ತಡೆದುಕೊಳ್ಳಲಾರದೆ ಬಾಸಿಂಗ ಅಲುಗಿಸಿದವನು. ಅಂಥವನಿಗೆ ಸಿಂಚನಾ ಕೊಟ್ಟದ್ದು ಜನ್ಮದಲ್ಲಿ ನಗದ ಅಜ್ಜನ ಪಾತ್ರ. ಆ ಅಜ್ಜ ಅರ್ಧ ಸಿನಿಮಾದಲ್ಲಿ ಸಾಯುತ್ತಾನೆ.

ಹೆಣದ ದೃಶ್ಯವನ್ನು ನಿಟ್ಟೂರಿನ ಒಂದು ಮನೆಯ ಜಗಲಿಯಲ್ಲಿ ತೆಗೆದರು. ಚೌಡಪ್ಪನನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ, ಮೂಗಿಗೆ ಹತ್ತಿ ಇಟ್ಟು, ತಲೆದೆಸೆಗೆ ದೀಪ ಹಚ್ಚಿದರು. ಮೈಮೇಲೆ ನಾನು ಹೊಲಿದ ನೀಲಿ ಗೀರಿನ ಅಂಗಿ. ಪಕ್ಕದಲ್ಲಿ ಕೂತು ಅಳುವ ತಮ್ಮನ ಪಾತ್ರಕ್ಕೂ ನನ್ನನ್ನೇ ಹಿಡಿದರು. ನನ್ನ ಮುಖಕ್ಕಿಂತ ಬೆನ್ನು ಚೆನ್ನಾಗಿ ಅಳುತ್ತದೆ ಎಂದು ಸಿಂಚನಾ ಕ್ಯಾಮೆರಾವನ್ನು ಹಿಂದೆ ಇಟ್ಟಳು. ಕಟ್ ಇಲ್ಲದೆ ನಾಲ್ಕು ನಿಮಿಷ. ಯಕ್ಷಗಾನದಲ್ಲಿ ಸತ್ತ ಮಗನಿಗೆ ಅಳುವವರನ್ನು ನೋಡಿ ಬೆಳೆದವನು ನಾನು. ಅಂಗೈಯಲ್ಲಿ ಮುಖ ಮುಚ್ಚಿಕೊಂಡು, "ಅಣ್ಣಯ್ಯಾ, ಹೋದ್ಯೇನೋ" ಎಂದು ರಾಗ ಎಳೆದು ಎಳೆದು ಅತ್ತೆ.

ಸಿನಿಮಾದವರಲ್ಲಿ ಒಂದು ಪದ್ಧತಿ ಉಂಟು. ಹೆಣದ ಪಾತ್ರ ಮಾಡಿದವರನ್ನು ಹಾಗೆಯೇ ಎಬ್ಬಿಸಿ ಕಳಿಸುವಂತಿಲ್ಲ. ಅದೇ ಕ್ಯಾಮೆರಾದ ಮುಂದೆ ಕೂರಿಸಿ, ಒಮ್ಮೆ ನಗಿಸಿ, ಆ ನಗುವನ್ನೂ ತೆಗೆದ ಮೇಲೆಯೇ ಬೂದುಗುಂಬಳ ಒಡೆದು ಮನೆಗೆ ಕಳಿಸುವುದು. ಸತ್ತವನು ಎದ್ದು ನಕ್ಕ ಎಂದು ಕ್ಯಾಮೆರಾಕ್ಕೆ ಗೊತ್ತಾಗಬೇಕಂತೆ. ಚೌಡಪ್ಪನೇ ನೆನಪು ಮಾಡಿದ. "ಸಿಂಚನಮ್ಮಾ, ನಂದೊಂದು ನಗು ಬಾಕಿ ಉಂಟಲ್ಲ?"

ಕ್ಯಾಮೆರಾವನ್ನು ಪೆಟ್ಟಿಗೆಗೆ ಹಾಕಿ ಆಗಿತ್ತು. ಹೊಸನಗರಕ್ಕೆ ಹೋಗುವ ಕೊನೆಯ ಬಸ್ಸು ತಿರುವಿನಲ್ಲಿ ಹಾರನ್ ಹೊಡೆಯುತ್ತಿತ್ತು. ನಾನೇ ಅಂದೆ, "ನಾಳೆ ನಗಾಣ ಬಾರೋ ಮಾರಾಯ, ಬಸ್ ತಪ್ತದೆ."

ಮಾರನೆಯ ದಿನ ಶೂಟಿಂಗ್ ಆಗುಂಬೆಗೆ ಹೋಯಿತು. ನಮ್ಮಿಬ್ಬರ ಕೆಲಸ ಅಲ್ಲಿರಲಿಲ್ಲ. ಆ ನಾಳೆ ಬರಲೇ ಇಲ್ಲ.

ಎಂಟು ತಿಂಗಳಿಗೆ ಚೌಡಪ್ಪ ಎದೆನೋವು ಎಂದ. ಸಾಗರದ ಆಸ್ಪತ್ರೆ ಮುಟ್ಟುವ ಮುಂಚೆ ದಾರಿಯಲ್ಲೇ ಹೋದ. ಅಷ್ಟರಲ್ಲಿ ಸಿನಿಮಾವನ್ನು ನಾರ್ವೆಯ ಚಿತ್ರೋತ್ಸವಕ್ಕೆ ಆರಿಸಿ, ಸಿಂಚನಾಳ ಜೊತೆ ಅಜ್ಜನ ಪಾತ್ರಧಾರಿಯೂ ಬರಲಿ ಎಂದು ಕರೆದಿದ್ದರು. ಅವನು ಒಬ್ಬನೇ ಹೋಗಲು ಹೆದರಿ, ನನ್ನದೂ ಪಾಸ್‌ಪೋರ್ಟ್ ಮಾಡಿಸಿದ್ದ. ಅವನ ಪಾಸ್‌ಪೋರ್ಟ್ ಬಂದದ್ದು ಹನ್ನೊಂದನೆಯ ದಿನ, ಮನೆಯಲ್ಲಿ ಎಡೆ ಬಡಿಸಿಟ್ಟ ಹೊತ್ತಿಗೆ. ಅವನ ಬದಲು ನನ್ನನ್ನು ಕರೆದುಕೊಂಡು ಹೋಗುವುದೆಂದಾಯಿತು.

ಹೊರಡುವ ಹಿಂದಿನ ದಿನ ಅವನ ಹೆಂಡತಿ ಗಿರಿಜಕ್ಕ ಅಂಗಡಿಗೆ ಬಂದಳು. ಪಾಸ್‌ಪೋರ್ಟ್ ಬಿಚ್ಚಿ ನನ್ನ ಹೊಲಿಗೆ ಯಂತ್ರದ ಮೇಲೆ ಇಟ್ಟಳು.

"ನೋಡಿ ದೇವಣ್ಣ, ಇದ್ರಲ್ಲೂ ನಕ್ಕಿಲ್ಲ."

"ಪಾಸ್‌ಪೋರ್ಟಿಗೆ ನಗಬಾರ್ದು ಗಿರಿಜಕ್ಕ. ಅವ್ರೇ ಬಿಡಾದಿಲ್ಲ."

"ಆಧಾರ್ ಕಾರ್ಡಲ್ಲಿ ಕಳ್ಳನ ಥರ ಇದಾರೆ. ರೇಷನ್ ಕಾರ್ಡಲ್ಲಿ ಮುಖನೇ ಇಲ್ಲ. ಜನ್ಮ ಇಡೀ ನಕ್ಕ ಮನುಷ್ಯ, ಒಂದ್ ಫೋಟೋದಲ್ಲೂ ಹಲ್ಲು ತೋರ್ಸಿಲ್ಲ. ಆ ಸಿನಿಮಾದಲ್ಲಿ ಎಲ್ಲಾದ್ರೂ, ಒಂದೇ ಒಂದ್ ಕಡೆ ನಕ್ಕಿದ್ರೆ ನೋಡ್ಕಂಡ್ ಬನ್ನಿ. ಆ ನಗೋ ಶಾಟ್ ತೆಗ್ದಿದ್ರೆ ಹಿಂಗಾಗ್ತಿರ್ಲಿಲ್ಲ ಅಂತ ಊರಲ್ಲಿ ಅಂತಾರೆ. ನಂಗೆ ಅದೆಲ್ಲ ಬ್ಯಾಡ. ನಗು ಇದ್ರೆ ಸಾಕು."

ಯಾರು 'ನಾಳೆ' ಎಂದದ್ದು ಎಂದು ಅವಳಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಸಿನಿಮಾ ಉತ್ಸವದಲ್ಲೇ ಮೊದಲು ತೆರೆ ಕಾಣಬೇಕೆಂಬ ಕರಾರಿದ್ದುದರಿಂದ ಅದುವರೆಗೆ ನಮ್ಮಲ್ಲಿ ಯಾರೂ ಅದನ್ನು ನೋಡಿರಲಿಲ್ಲ.

ಸೂರ್ಯ ಹುಟ್ಟದ ಊರು

ಮೂರು ವಿಮಾನ ಹತ್ತಿ ಇಳಿದೆವು. ಕೊನೆಯದು ನಮ್ಮ ಮಿನಿಬಸ್ಸಿಗಿಂತ ಸ್ವಲ್ಪ ದೊಡ್ಡದು. ಗಾಳಿಗೆ ಅದೂ ಘಾಟಿಯ ಬಸ್ಸಿನಂತೆಯೇ ಓಲಾಡಿತು. ಇಳಿದಾಗ ಬೆಳಗಿನ ಹನ್ನೊಂದು ಗಂಟೆ. ಹೊರಗೆ ಮೂರುಸಂಜೆ.

"ಮೋಡನಾ?" ಎಂದು ಕೇಳಿದೆ.

"ಅಲ್ಲ ಮಾವ. ಇಲ್ಲಿ ಈ ತಿಂಗಳು ಸೂರ್ಯ ಹುಟ್ಟೋದೇ ಇಲ್ಲ," ಎಂದಳು ಸಿಂಚನಾ. "ಮಧ್ಯಾಹ್ನದ ಆಸುಪಾಸು ಎರಡು ಮೂರು ಗಂಟೆ ಕಾಲ ಹಿಂಗೆ ಇರತ್ತೆ. ಆಮೇಲೆ ಪೂರ್ತಿ ಕತ್ತಲೆ."

"ಹಂಗಾದ್ರೆ ದೀಪ ಹಚ್ಚೋದು ಯಾವಾಗ?"

"ಆರ್ಸಿದ್ರೆ ತಾನೆ ಹಚ್ಚೋದು?"

ನಿಜ. ಪ್ರತಿ ಮನೆಯ ಪ್ರತಿ ಕಿಟಕಿಯಲ್ಲೂ ಒಂದೊಂದು ದೀಪ. ಪರದೆ ಎಳೆಯುವ ಪದ್ಧತಿ ಇಲ್ಲ. ಒಳಗಿನ ಮೇಜು, ಹೂದಾನಿ, ಕುರ್ಚಿ ಎಲ್ಲ ಕಾಣುತ್ತದೆ. ಮನುಷ್ಯರು ಮಾತ್ರ ಕಾಣುವುದಿಲ್ಲ. ಹಿಮ ಬಿದ್ದ ಬೀದಿಯಲ್ಲಿ ನಮ್ಮ ಕಾಲಿನ ಸದ್ದು ನಮಗೇ ಎರಡು ಸಲ ಕೇಳುತ್ತಿತ್ತು. ಸಮುದ್ರದ ದಂಡೆಯಲ್ಲಿ ಮೀನು ಒಣಗಿಸುವ ಮರದ ಅಟ್ಟಗಳು ಸಾಲಾಗಿ ನಿಂತಿದ್ದವು. ನಮ್ಮ ಕಡೆ ಮದುವೆ ಮುಗಿದ ಮೇಲೆ ಬಿಚ್ಚದೆ ಬಿಟ್ಟ ಚಪ್ಪರದಂತೆ ಖಾಲಿ, ಉದ್ದಕ್ಕೆ.

ನಮ್ಮ ಅಜ್ಜಿ ಮೂರುಸಂಜೆಗೆ ಒಂದು ಶಾಸನವನ್ನೇ ಬರೆದಿದ್ದಳು. ಆ ಹೊತ್ತಲ್ಲಿ ಕಸ ಗುಡಿಸಬಾರದು, ಸೂಜಿ ಹಿಡಿಯಬಾರದು, ಸತ್ತವರ ಹೆಸರು ಎತ್ತಬಾರದು. ಯಾರಾದರೂ ಒಂದೇ ಸಲ ಕರೆದರೆ ಓಗೊಡಬಾರದು. ಮನುಷ್ಯರಾದರೆ ಮತ್ತೆ ಕರೆಯುತ್ತಾರೆ. ನಾನು ಹೊಲಿಗೆಯವನಾದರೂ ಇವತ್ತಿಗೂ ದೀಪ ಹಚ್ಚುವ ಹೊತ್ತಿಗೆ ಅರ್ಧ ಗಂಟೆ ಯಂತ್ರ ನಿಲ್ಲಿಸುತ್ತೇನೆ. ಇಲ್ಲಿ ಬಂದಿಳಿದ ಕೂಡಲೇ ಸಾಲದಲ್ಲಿ ತಂದ ಕೋಟಿನ ನಡುಗುಂಡಿ ಕಿತ್ತುಹೋಯಿತು. ಚೀಲದಲ್ಲಿ ಸೂಜಿ ದಾರ ಎರಡೂ ಇತ್ತು. ಹೊತ್ತು ಯಾವುದು? ಮೂರುಸಂಜೆ. ಬೆಳಕಾಗಲಿ ಎಂದು ಕಾದೆ. ಬೆಳಕು ಆಗಲೇ ಇಲ್ಲ; ದೀಪ ಆರಿಸದ ಊರಲ್ಲಿ ದೀಪ ಹಚ್ಚುವ ಹೊತ್ತು ಮುಗಿಯುವುದೂ ಇಲ್ಲ. ಕೋಟನ್ನು ಕೈಯಲ್ಲಿ ಮುಚ್ಚಿ ಹಿಡಿದುಕೊಂಡೇ ಎರಡು ದಿನ ತಿರುಗಿದೆ.

ಉತ್ಸವದ ಕಚೇರಿಯಲ್ಲಿ ಕೊರಳಿಗೆ ಹಾಕಿಕೊಳ್ಳುವ ಗುರುತಿನ ಚೀಟಿ ಕೊಡುತ್ತಿದ್ದರು. ಕೌಂಟರಿನ ಹುಡುಗಿ ಕರೆದಳು.

"ಮಿಸ್ಟರ್ ಶೌದಪ್ಪ!"

ಅಜ್ಜಿಯ ಶಾಸನ ನೆನಪಾಯಿತು. ಓಗೊಡಲಿಲ್ಲ. ಅವಳು ಮತ್ತೆ ಕರೆದಳು. ಮೂರನೆಯ ಸಲ ಕರೆದಾಗ, ಇದು ಮನುಷ್ಯರ ಕರೆಯೇ ಎಂದು ಧೈರ್ಯ ಮಾಡಿ ಹೋದೆ. ಚೀಟಿಯ ಮೇಲೆ ಚೌಡಪ್ಪನ ಹೆಸರು, ಅವನ ಪಾಸ್‌ಪೋರ್ಟ್ ಅಳತೆಯ ಫೋಟೋ, ನಗದ ಮುಖ. ಅವನು ಬದುಕಿದ್ದಾಗ ಕಳಿಸಿದ ಪಟ್ಟಿಯಿಂದ ಮುದ್ರಿಸಿದ್ದರು. ಬದಲಾದ ಹೆಸರು ಎಲ್ಲೋ ತಪ್ಪಿಹೋಗಿತ್ತು. ಸಿಂಚನಾ ಇಂಗ್ಲಿಷಿನಲ್ಲಿ ವಿವರಿಸಿದಳು. ಹುಡುಗಿ ನನ್ನನ್ನೂ ಫೋಟೋವನ್ನೂ ನೋಡಿದಳು. ಅರವತ್ತು ದಾಟಿದ ಇಬ್ಬರು ಕಪ್ಪು ಗಂಡಸರು, ಇಬ್ಬರಿಗೂ ಬಿಳಿ ಮೀಸೆ. ಅವಳಿಗೆ ವ್ಯತ್ಯಾಸ ಕಾಣಲಿಲ್ಲವೋ ಏನೋ. ಬೇರೆಯದು ಮುದ್ರಿಸುವ ಯಂತ್ರ ಕೆಟ್ಟಿದೆ, ಸದ್ಯಕ್ಕೆ ಇದನ್ನೇ ಹಾಕಿಕೊಳ್ಳಿ, ಇಲ್ಲದಿದ್ದರೆ ಬಾಗಿಲಲ್ಲಿ ಬಿಡುವುದಿಲ್ಲ ಎಂದಳು.

ಹಾಕಿಕೊಂಡೆ. ಎದೆಯ ಮೇಲೆ ಗೆಳೆಯನನ್ನು ತೂಗುಹಾಕಿಕೊಂಡು ಆ ಬೆಳಕಿಲ್ಲದ ಬೀದಿಗೆ ಇಳಿದೆ.

ಮರದ ಚಿತ್ರಮಂದಿರ

ನೂರು ವರ್ಷ ದಾಟಿದ ಚಿತ್ರಮಂದಿರ ಎಂದರು. ಹೊರಗಿನಿಂದ ನೋಡಿದರೆ ದೊಡ್ಡ ಕಣಜದ ಹಾಗಿದೆ, ಪೂರ್ತಿ ಮರ. ಒಳಗೆ ಕೆಂಪು ಪರದೆ, ಗೋಡೆಯ ಮೇಲೆ ಹೊಗೆ ಹಿಡಿದ ಹಡಗಿನ ಚಿತ್ರಗಳು. ಮೂಕಿ ಸಿನಿಮಾದ ಕಾಲದ ಪಿಯಾನೋ ಒಂದು ಮೂಲೆಯಲ್ಲಿ, ಮುಚ್ಚಳ ಹಾಕಿಕೊಂಡು ಕೂತಿತ್ತು. ಉತ್ಸವ ನಡೆಯುವ ವಾರ ಬಿಟ್ಟರೆ ಇಲ್ಲಿ ತಿಂಗಳಿಗೆ ಎರಡೇ ಆಟವಂತೆ. ನನಗೆ ಸಾಗರದಲ್ಲಿ ನೋಡಿದ ಮೊದಲ ಚಿತ್ರಮಂದಿರದ ವಾಸನೆ ನೆನಪಾಯಿತು: ಬೀಡಿ, ಒದ್ದೆ ಛತ್ರಿ, ಕಡಲೆಕಾಯಿ ಸಿಪ್ಪೆ. ಇಲ್ಲಿ ಅದಾವುದೂ ಇಲ್ಲ. ಮೇಣದ ವಾಸನೆ, ಅದರಡಿಯಲ್ಲಿ ಸಣ್ಣಗೆ ಮೀನು.

ಪ್ರೊಜೆಕ್ಟರ್ ಕೋಣೆ ನೋಡಿಕೊಳ್ಳುವವಳು, ಟಿಕೆಟ್ ಹರಿಯುವವಳು, ಕಾಫಿ ಕಾಯಿಸುವವಳು ಎಲ್ಲ ಒಬ್ಬಳೇ. ಮಾರಿತ್ ಎಂದು ಹೆಸರು, ನನಗಿಂತ ಹಿರಿಯಳು. ನಮ್ಮನ್ನು ಕುರ್ಚಿಯ ಹತ್ತಿರ ಕರೆದೊಯ್ದವಳು ಕೂರಲು ಬಿಡಲಿಲ್ಲ. ಕುರ್ಚಿಯ ಬೆನ್ನಿಗೆ ಹೊಡೆದ ಹಿತ್ತಾಳೆ ಪಟ್ಟಿಯ ಮೇಲೆ ಬೆರಳಿಟ್ಟು ಏನೋ ಓದಿದಳು.

ಸಿಂಚನಾ ತಗ್ಗಿದ ದನಿಯಲ್ಲಿ ಹೇಳಿದಳು, "ಮೀನಿಗೆ ಹೋಗಿ ವಾಪಸ್ ಬರದೆ ಇದ್ದವರ ಹೆಸರಂತೆ ಮಾವ. ಒಂದೊಂದು ಕುರ್ಚಿ ಒಬ್ಬೊಬ್ರದು. ಕೂರೋ ಮುಂಚೆ ಅವರ ಹೆಸರು ಹೇಳ್ಬೇಕಂತೆ."

ಎಡೆ ಇಟ್ಟು ಹಿರಿಯರನ್ನು ಹೆಸರು ಹಿಡಿದು ಕರೆಯುವ ಊರಿನವನು ನಾನು, ಅದರಲ್ಲೇನೂ ಹೊಸದಿಲ್ಲ. ಆದರೆ ನಾವು ಹಿರಿಯರಿಗೆ ಬಡಿಸಿ, ಬಾಗಿಲು ಮುಂದೆ ಮಾಡಿ ಹೊರಗೆ ಬರುತ್ತೇವೆ. ಇಲ್ಲಿ ಅವರ ತೊಡೆಯ ಮೇಲೇ ಕೂರಬೇಕು. ನನ್ನದು ಆಂಡರ್ಸ್ ಎಂಬವನ ಕುರ್ಚಿ. "ಆಂಡರ್ಸಣ್ಣ, ಸ್ವಲ್ಪ ಜಾಗ ಬಿಡಿ" ಎಂದು ಕನ್ನಡದಲ್ಲೇ ಹೇಳಿ ಕೂತೆ. ಸುತ್ತಲೂ ಜನ ಬಂದು ತಮ್ಮ ತಮ್ಮ ಕುರ್ಚಿಯ ಹೆಸರನ್ನು ಪಿಸುಗುಟ್ಟಿ ಕೂರುತ್ತಿದ್ದರು. ದೀಪ ಆರುವವರೆಗೆ ಆ ಪಿಸುಮಾತು ಗೋಡೆಯಿಂದ ಗೋಡೆಗೆ ಓಡಾಡುತ್ತಿತ್ತು.

ಸಿನಿಮಾ ಶುರುವಾಯಿತು. ಚೌಡಪ್ಪ ಬಂದ. ಮನೆಯಷ್ಟು ದೊಡ್ಡ ಚೌಡಪ್ಪ. ನಾನು ಒಂದೊಂದು ದೃಶ್ಯದಲ್ಲೂ ಅವನ ತುಟಿಯನ್ನೇ ನೋಡುತ್ತಿದ್ದೆ, ಎಲ್ಲಾದರೂ ಬಿರಿಯುತ್ತದೋ ಎಂದು. ಸಿಂಚನಾ ಗಟ್ಟಿಗಿತ್ತಿ, ಎಲ್ಲೂ ಬಿಟ್ಟಿರಲಿಲ್ಲ. ಮುಖ ಗಂಟು ಹಾಕಿಕೊಂಡೇ ಉಂಡ, ಮುಖ ಗಂಟು ಹಾಕಿಕೊಂಡೇ ಸತ್ತ.

ಜಗಲಿ ಬಂತು. ಚಾಪೆ. ದೀಪ. ನನ್ನ ಬೆನ್ನು, ನನ್ನ ರಾಗ. ಹೆಣವಾಗಿ ಮಲಗಿದ ಅವನನ್ನು ನೋಡಲಾರದೆ ನಾನು ಅಂಗಿಯನ್ನು ನೋಡಿದೆ. ಹೊಲಿಗೆಯವನ ಕಣ್ಣು ಹೋಗುವುದೇ ಅಲ್ಲಿಗೆ. ಎರಡನೆಯ ಮತ್ತು ಮೂರನೆಯ ಗುಂಡಿಯ ನಡುವೆ ಬಟ್ಟೆ ಸ್ವಲ್ಪ ಬಾಯಿ ಬಿಟ್ಟಿತ್ತು. ಬಾಯಿ ಮುಚ್ಚಿತು. ಮತ್ತೆ ಬಿಟ್ಟಿತು. ನೀಲಿ ಗೀರುಗಳು ಎರಡು ಸಲ ಚಿಕ್ಕದಾಗಿ ಅಲುಗಿ, ಒಮ್ಮೆ ಉದ್ದಕ್ಕೆ ಎದ್ದು ಇಳಿದವು.

ಚೌಡಪ್ಪ ಉಸಿರಾಡುತ್ತಿದ್ದ.

ನನ್ನ ಕೈ ತಾನಾಗಿ ಎದೆಯ ಮೇಲಿನ ಚೀಟಿಯನ್ನು ಹಿಡಿದುಕೊಂಡಿತು. ಬದುಕಿದ್ದಾಗ ಸತ್ತ ಹಾಗೆ ಮಲಗಿದ್ದವನು, ಸತ್ತ ಮೇಲೆ, ಆರು ಸಾವಿರ ಮೈಲಿಯೋ ಎಷ್ಟೋ ದೂರದಲ್ಲಿ, ಸತ್ತವರ ಕುರ್ಚಿಗಳ ಎದುರು ಉಸಿರಾಡುತ್ತಿದ್ದಾನೆ. ಪಕ್ಕದಲ್ಲಿ ಯಾರೋ ಉಸಿರು ಎಳೆದುಕೊಂಡದ್ದು ಕೇಳಿಸಿತು. ಅವರಿಗೂ ಕಂಡಿದೆ.

ಆ ಅಂಗಿಯನ್ನು ಅರ್ಧ ಇಂಚು ಬಿಗಿ ಹೊಲಿದವನು ನಾನು. ಅಜ್ಜ ಬಡವ, ಹಳೆಯ ಅಂಗಿ ಮೈಗೆ ಸಾಲದಂತೆ ಕಾಣಲಿ ಎಂದು ನನ್ನದೇ ಬುದ್ಧಿ ಖರ್ಚು ಮಾಡಿದ್ದೆ. ಸಡಿಲ ಹೊಲಿದಿದ್ದರೆ ಉಸಿರು ಅಂಗಿಯೊಳಗೇ ಮುಚ್ಚಿಹೋಗುತ್ತಿತ್ತು.

ಬಂದರಿನ ಕಾಫಿ ಅಂಗಡಿ

ಆಟ ಮುಗಿದು ದೀಪ ಹತ್ತಿದಾಗ ನನ್ನ ಮುಂದಿನ ಸಾಲಿನವರು ತಿರುಗಿ ನೋಡಿ ಸ್ತಬ್ಧರಾದರು. ಪರದೆಯ ಮೇಲೆ ನನ್ನ ಬೆನ್ನು ಮಾತ್ರ ಇತ್ತು. ಕೊರಳಲ್ಲಿ ಚೌಡಪ್ಪನ ಹೆಸರು. ಊರುಗೋಲು ಹಿಡಿದ ಒಬ್ಬ ಮುದುಕ ಮೀನುಗಾರ ಹತ್ತಿರ ಬಂದು ನನ್ನ ಕೈ ಹಿಡಿದ. ಕುಲುಕಲಿಲ್ಲ. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ನೋಡಿದ. ಏನೋ ಹೇಳಿದ.

"ನೀವು ಬದುಕಿರೋದು ಸಂತೋಷ ಅಂತಿದಾರೆ," ಎಂದಳು ಸಿಂಚನಾ.

"ನಾನು ಅವನಲ್ಲ ಅಂತ ಹೇಳೇ."

ಹೇಳಿದಳು. ಮುದುಕ ತಲೆಯಾಡಿಸಿ, ನನ್ನ ಚೀಟಿಯನ್ನು ಬೆರಳಿನಿಂದ ಎರಡು ಸಲ ತಟ್ಟಿ, ನಂಬದೆ ಹೋದ.

ಪ್ರಶ್ನೋತ್ತರಕ್ಕೆ ಸಿಂಚನಾ ವೇದಿಕೆ ಹತ್ತಿದಾಗ ಗಡ್ಡದವನೊಬ್ಬ ಎದ್ದು, ಹೆಣ ಉಸಿರಾಡುವುದನ್ನು ಬೇಕೆಂದೇ ಇಟ್ಟಿರಾ ಎಂದು ಕೇಳಿದ. ಅವಳ ಮುಖ ಕೆಂಪಾಯಿತು. ಲ್ಯಾಪ್‌ಟಾಪಿನ ಚಿಕ್ಕ ಪರದೆಯಲ್ಲಿ ನೂರು ಸಲ ನೋಡಿದ್ದರೂ ಅವಳಿಗೆ ಅದು ಕಂಡಿರಲಿಲ್ಲ.

ಬಂದರಿನ ಕಾಫಿ ಅಂಗಡಿಯಲ್ಲಿ ಹಾಲಿಲ್ಲದ ಕರಿ ಕಾಫಿ ಮುಂದಿಟ್ಟುಕೊಂಡು ಅವಳು ಫೋನು ಒತ್ತುತ್ತಲೇ ಇದ್ದಳು. ಜೊತೆಗೆ ಕಂದು ಬಣ್ಣದ ಚೀಸು ಕೊಟ್ಟಿದ್ದರು. ಹಾಲು ಬೆಲ್ಲ ಹಾಕಿ ತಳ ಹಿಡಿಸಿದ ಹಾಗೆ ರುಚಿ. ನನಗೆ ಇಳಿಯಲಿಲ್ಲ.

"ಎಡಿಟರ್ ಹತ್ರ ಮಾತಾಡಿದೆ ಮಾವ. ಆ ಶಾಟಲ್ಲಿ ಅಂಗಿ ಇರೋ ಭಾಗನ ಅಲ್ಲಾಡದ ಹಾಗೆ ನಿಲ್ಲಿಸ್ತಾನೆ. ನಾಳೆ ಬೆಳಿಗ್ಗೆ ಹೊಸ ಫೈಲ್ ಬರತ್ತೆ. ಎರಡನೇ ಆಟಕ್ಕೆ ತೀರ್ಪುಗಾರರು ಬರ್ತಾರೆ, ಅಷ್ಟ್ರೊಳಗೆ ಸರಿಹೋಗ್ಬೇಕು."

"ಅಳಿಸ್ತೀಯಾ ಉಸಿರ್ನ?"

"ಮತ್ತೆ? ಹೆಣ ಉಸಿರಾಡಿದ್ರೆ ನಗ್ತಾರೆ ಮಾವ. ಮೂರು ವರ್ಷದ ಕೆಲ್ಸ."

"ಇರ್ಲಿ ಬಿಡೇ."

"ಎಂತಕ್ಕೆ ಇರ್ಬೇಕು?"

ಆ ಮೂರುಸಂಜೆಯಲ್ಲಿ, ಹೆಸರು ಎತ್ತಬಾರದವನ ಹೆಸರು ಎತ್ತಿ ಎಲ್ಲ ಹೇಳಿದೆ. ಗಿರಿಜಕ್ಕ ಪಾಸ್‌ಪೋರ್ಟ್ ತಂದದ್ದು, ಒಂದು ನಗು ಹುಡುಕಿಕೊಂಡು ಬಾ ಎಂದದ್ದು. "ನಾಳೆ ನಗಾಣ ಅಂತ ಎಳ್ಕಂಡ್ ಹೋದೋನು ನಾನು. ನಗು ಅಂತೂ ಸಿಗ್ಲಿಲ್ಲ. ಉಸಿರಾದ್ರೂ ಉಂಟು. ಅದನ್ನೂ ಅಳ್ಸಿ, ನಾನು ಯಾವ ಮುಖ ಇಟ್ಕಂಡ್ ನಿಟ್ಟೂರಿಗೆ ಹೋಗ್ಲಿ? ತಪ್ಪು ನಿಂದಲ್ಲ. ಅಂಗಿ ಬಿಗಿ ಹೊಲ್ದಿದ್ದು ನಾನು. ಬೇಕಾದ್ರೆ ಆ ಗಡ್ಡದೋನಿಗೆ ಹಂಗೇ ಹೇಳು. ಟೈಲರ್ ಸರಿ ಇಲ್ಲ ಅನ್ನು."

ಸಿಂಚನಾ ಕಾಫಿ ಲೋಟವನ್ನು ತಿರುಗಿಸುತ್ತಾ ಕೂತಳು. "ಅವ್ರು ಕೇಳಿದ್ರು ಅವತ್ತು," ಎಂದಳು. "ನಂದೊಂದು ನಗು ಬಾಕಿ ಉಂಟಲ್ಲ ಅಂತ. ಕೇಳಿಸ್ಕೊಂಡೂ ಪೆಟ್ಟಿಗೆ ಬೀಗ ಹಾಕ್ದೆ. ಅದೆಲ್ಲ ನಂಬಲ್ಲ ಅಂತ ನಂಗೆ ಜಂಬ."

"ಹಂಗಾದ್ರೆ?"

"ಗೊತ್ತಿಲ್ಲ ಮಾವ. ಬೆಳಿಗ್ಗೆ ಹೇಳ್ತೀನಿ."

ಬೆಳಿಗ್ಗೆ ಎಂದಳು. ಆ ಊರಲ್ಲಿ ಬೆಳಿಗ್ಗೆ ಯಾವಾಗ ಆಗುತ್ತದೆಂದು ಯಾರಿಗೆ ಗೊತ್ತು.

ಎರಡನೆಯ ಆಟ

ಮಾರನೆಯ ದಿನ ಸಿಂಚನಾ ತಿಂಡಿಗೆ ಬರಲಿಲ್ಲ, ಫೋನೂ ಎತ್ತಲಿಲ್ಲ. ನಾನೊಬ್ಬನೇ ಚಿತ್ರಮಂದಿರಕ್ಕೆ ಹೋದೆ. ದಾರಿಯಲ್ಲಿ ಇಬ್ಬರು "ಶೌದಪ್ಪ" ಎಂದು ಕೈ ಬೀಸಿದರು. ಒಂದೇ ಸಲ ಕರೆದರೂ ನಾನು ಕೈ ಎತ್ತಿದೆ. ರೂಢಿಯಾಗಿಬಿಟ್ಟಿತ್ತು. ಅಜ್ಜಿಯ ಮಾತು ನೆನಪಾದ ಮೇಲೆ ಎತ್ತಿದ ಕೈಯನ್ನು ಜೇಬಿಗೆ ತುರುಕಿದೆ.

ಮಾರಿತ್ ಪ್ರೊಜೆಕ್ಟರ್ ಕೋಣೆಗೆ ಕರೆದಳು. ಈಗ ಎಲ್ಲ ಕಂಪ್ಯೂಟರಿನಲ್ಲೇ ಆದರೂ, ಹಳೆಯ ಎರಡು ಯಂತ್ರಗಳನ್ನು ಎಣ್ಣೆ ಹಾಕಿ ಒರೆಸಿ ಇಟ್ಟಿದ್ದಾಳೆ. ಚೌಡಪ್ಪ ಇದ್ದಿದ್ದರೆ ಅಲ್ಲೇ ಕೂತುಬಿಡುತ್ತಿದ್ದ. ನಾನು ಕೋಟು ಹಿಡಿದುಕೊಂಡೇ ನಿಂತಿದ್ದನ್ನು ಕಂಡು, ಅದನ್ನು ಬಿಚ್ಚಿಸಿ ಕಸಿದುಕೊಂಡು, ಬಲೆಗೆ ಹಾಕುವಂಥ ಗಟ್ಟಿ ದಾರದಲ್ಲಿ ಗುಂಡಿ ಹೊಲಿಯಲು ಕೂತಳು. ಕಿಟಕಿಯ ಕಡೆ ತೋರಿಸಿ, ಈ ಹೊತ್ತಲ್ಲಿ ಸೂಜಿ ಬೇಡ ಎಂದು ಕೈಸನ್ನೆ, ಮುರುಕು ಇಂಗ್ಲಿಷು ಎರಡನ್ನೂ ಬಳಸಿ ಹೇಳಿದೆ. ಅವಳಿಗೆ ಅರ್ಥವಾಯಿತು. ಅವಳದೂ ನನ್ನಂಥದೇ ಇಂಗ್ಲಿಷು. ಇಲ್ಲಿ ಹಾಗೆ ಕೂತರೆ ಎರಡು ತಿಂಗಳು ಎಲ್ಲರೂ ಬೆತ್ತಲೆ ಇರಬೇಕಾಗುತ್ತದೆ ಎಂದಳು. ನಕ್ಕೆವು. ಟಾಕೀಸಿನ ಜನ ಎಲ್ಲ ಕಡೆ ಒಂದೇ.

ಸನ್ನೆಯಲ್ಲೇ ಕೇಳಿದೆ: ಹೊಸ ಫೈಲು ಬಂತಾ? ಅವಳು ಭುಜ ಹಾರಿಸಿದಳು. ಆಮೇಲೆ ನನ್ನ ಕೊರಳಿನ ಚೀಟಿಯನ್ನು ತೋರಿಸಿ, ಇದು ನೀನಲ್ಲ, ಅಲ್ಲವೇ ಎಂದಳು. ಆ ಊರಿನಲ್ಲಿ ಅದನ್ನು ಗುರುತಿಸಿದವಳು ಅವಳೊಬ್ಬಳೇ. ಹೌದೆಂದೆ. ಅವನು ಎಲ್ಲಿ ಎಂದಳು. ಕಣ್ಣು ಮುಚ್ಚಿ ತೋರಿಸಿದೆ. ಅವಳು ಚೀಟಿಯನ್ನು ನನ್ನ ಕೊರಳಿನಿಂದ ತೆಗೆದುಕೊಂಡು ಕೆಳಗಿಳಿದಳು. ಆಂಡರ್ಸನ ಪಕ್ಕದ ಕುರ್ಚಿಯ ಹಲಗೆಯನ್ನು ಕೈಯಿಂದ ಕೆಳಗೆ ಮಾಡಿ, ಅದರ ಬೆನ್ನಿಗೆ ಚೀಟಿ ತೂಗುಹಾಕಿ, ಅವನ ಹೆಸರು ಹೇಳಿದಳು. 'ಶೌದಪ್ಪ' ಎಂದೇ ಹೇಳಿದಳು, ಆದರೆ ಗೌರವದಿಂದ.

ಆಟ ಶುರುವಾಗುವ ಹೊತ್ತಿಗೆ ಸಭೆ ತುಂಬಿತ್ತು. ಆ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಸಿಂಚನಾ ಬಂದು ಹಿಂದಿನ ಬಾಗಿಲಿಗೆ ಒರಗಿ ನಿಂತಳು. ಮುಖ ಕಾಣಲಿಲ್ಲ.

ಜಗಲಿ ಬಂತು. ನಾನು ಎರಡನೆಯ ಗುಂಡಿಯ ಕೆಳಗೆ ಕಣ್ಣು ನೆಟ್ಟೆ. ಬಟ್ಟೆ ಅಲುಗಲಿಲ್ಲ. ನನ್ನ ರಾಗ ಏರಿತು, ಇಳಿಯಿತು. ಬಟ್ಟೆ ಅಲುಗಲಿ ದೇವರೇ ಎಂದೆ. ಆಗ ನೀಲಿ ಗೀರು ಎರಡು ಸಲ ಚಿಕ್ಕದಾಗಿ ಜರುಗಿತು, ಒಮ್ಮೆ ಉದ್ದಕ್ಕೆ ಎದ್ದಿತು. ಸಿಂಚನಾ ಅಳಿಸಿರಲಿಲ್ಲ.

ಯಾರೂ ನಗಲಿಲ್ಲ. ಅಷ್ಟು ಜನರೂ ಅವನ ಮುಂದಿನ ಉಸಿರಿಗೆ ಕಾಯುತ್ತಿರುವ ಹಾಗೆ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ನನಗೊಂದು ವಿಷಯ ಹೊಳೆಯಿತು. ಅವು ಸ್ಪ್ರಿಂಗಿನ ಕುರ್ಚಿಗಳು. ಭಾರ ಇಲ್ಲದಿದ್ದರೆ ಹಲಗೆ ತಾನಾಗಿ ಮೇಲೆದ್ದು ಮಡಚಿಕೊಳ್ಳುತ್ತದೆ. ನನ್ನ ಪಕ್ಕದ ಖಾಲಿ ಕುರ್ಚಿಯ ಹಲಗೆ ಕೆಳಗೇ ಇತ್ತು. ಮಾರಿತ್ ಕೈ ತೆಗೆದು ಒಂದು ಗಂಟೆಯ ಮೇಲಾಗಿತ್ತು.

ಅತ್ತ ತಿರುಗಲಿಲ್ಲ. ಸಿನಿಮಾ ಮುಗಿಯುವವರೆಗೂ ಆ ಕಡೆಯ ಮೊಣಕೈಯನ್ನು ಮೈಗೆ ಒತ್ತಿಕೊಂಡು, ಅವನಿಗೆ ಜಾಗ ಬಿಟ್ಟು ಕೂತೆ. ದೀಪ ಹತ್ತಿದ ಮೇಲೆ ಹಲಗೆಯನ್ನು ಮುಟ್ಟಿ ನೋಡಿದೆ. ಪಟ್ ಎಂದು ಮೇಲೆದ್ದು ಮಡಚಿಕೊಂಡಿತು.

ಹಳೆಯ ಸ್ಪ್ರಿಂಗು, ಕೆಲವು ಸಲ ಹಿಡಿದುಕೊಳ್ಳುತ್ತದೆ ಎಂದಳು ಮಾರಿತ್. ಚೀಟಿಯನ್ನು ಬಿಚ್ಚಿ ನನ್ನ ಕೈಗೆ ಕೊಡುವಾಗ ಅವಳೂ ಆ ಕುರ್ಚಿಯನ್ನು ನೋಡಲಿಲ್ಲ.

ಬಹುಮಾನ ಬೇರೆ ಸಿನಿಮಾಕ್ಕೆ ಹೋಯಿತು. ವಾಪಸ್ ಬರುವ ವಿಮಾನದಲ್ಲಿ ಸಿಂಚನಾ, "ಆ ಉಸಿರಿಂದ್ಲೇ ಬಹುಮಾನ ಹೋಯ್ತು ಅಂತ ಅಲ್ಲ ಬಿಡಿ ಮಾವ" ಎಂದು ನನ್ನನ್ನು ಸಮಾಧಾನ ಮಾಡಿದಳು. ನಿಜಕ್ಕೆ ನಾನು ಅವಳಿಗೆ ಸಮಾಧಾನ ಹೇಳಬೇಕಿತ್ತು.

ನಿಟ್ಟೂರು

ಊರಿಗೆ ಬಂದ ನಾಲ್ಕನೆಯ ದಿನ ಸಿಂಚನಾ ಲ್ಯಾಪ್‌ಟಾಪು, ಒಂದು ಚಿಕ್ಕ ಪ್ರೊಜೆಕ್ಟರು ಹೊತ್ತುಕೊಂಡು ಬಂದಳು. ಹಾಡಹಗಲು, ಕಣ್ಣು ಕುಕ್ಕುವ ಬಿಸಿಲು. ಗಿರಿಜಕ್ಕನ ನಡುಮನೆಯ ಕಿಟಕಿಗೆ ಕಂಬಳಿ ಹೊದಿಸಿ ಕತ್ತಲೆ ಮಾಡಿದೆವು. ಗೋಡೆಗೆ ಚೌಡಪ್ಪನ ಬಿಳಿ ಪಂಚೆ ಕಟ್ಟಿದೆವು. ನಾನು ಮೊದಲೇ ತಪ್ಪೊಪ್ಪಿಕೊಂಡೆ.

"ನಗು ಇಲ್ಲ ಗಿರಿಜಕ್ಕ. ಹುಡುಕ್ದೆ, ಎಲ್ಲೂ ಇಲ್ಲ. ಅವತ್ತು ನಗೋ ಶಾಟ್ ನಾಳೆ ತೆಗೆಯಾಣ ಅಂತ ಎಳ್ಕಂಡ್ ಹೋಗಿದ್ದೂ ನಾನೇ. ಉಸಿರಾಡಿದ್ದು ಮಾತ್ರ ಸಿಕ್ತು, ಹೆಣ ಆದಾಗ. ಅದನ್ನೇ ತಂದೀನಿ."

 ಗಿರಿಜಕ್ಕ ನಾನು ತಂದುಕೊಟ್ಟ ಗುರುತಿನ ಚೀಟಿಯನ್ನು ಮಡಿಲಲ್ಲಿ ಇಟ್ಟುಕೊಂಡು ಪಂಚೆಯನ್ನೇ ನೋಡುತ್ತಾ ಕೂತಳು.

ಜಗಲಿ ಬಂತು. ಗಾಳಿಗೆ ಪಂಚೆ ಸಣ್ಣಗೆ ತೂಗಿ, ಮಲಗಿದವನೂ ತೂಗಿದ. ನನ್ನ ಬೆನ್ನು ಅಲುಗಿತು. "ಅಣ್ಣಯ್ಯಾ, ಹೋದ್ಯೇನೋ" ಎಂದು ರಾಗ ಎದ್ದಿತು. ನಾನು ತಲೆ ತಗ್ಗಿಸಿದೆ. ಗಿರಿಜಕ್ಕನ ಕಡೆಯಿಂದ ಬಿಕ್ಕಿದ ಸದ್ದು ಬಂತು. ತಪ್ಪು ಮಾಡಿದೆ, ತೋರಿಸಬಾರದಿತ್ತು ಎಂದುಕೊಂಡೆ.

"ನಿಲ್ಸಮ್ಮ," ಎಂದಳು ಗಿರಿಜಕ್ಕ. "ಸ್ವಲ್ಪ ಹಿಂದೆ ಹೋಗು. ಹಾಂ, ಅಲ್ಲಿಂದ ಹಾಕು."

ಮತ್ತೆ ರಾಗ. ಮತ್ತೆ ಗೀರು ಎರಡು ಸಲ ಚಿಕ್ಕದಾಗಿ ಜರುಗಿತು, ಒಮ್ಮೆ ಉದ್ದಕ್ಕೆ ಎದ್ದಿತು. ಗಿರಿಜಕ್ಕ ಎದ್ದುಹೋಗಿ ಪಂಚೆಯ ಮೇಲೆ, ಆ ಗುಂಡಿಯ ಹತ್ತಿರ ಬೆರಳಿಟ್ಟಳು.

"ದೇವಣ್ಣ, ಇದು ಉಸಿರಲ್ಲ."

"ಮತ್ತೆ?"

"ಎರಡು ಗುಟುಕು, ಒಂದು ಉದ್ದ. ಧಾರೆ ದಿನ ಪಕ್ಕದಲ್ಲೇ ಕೂತು ಇದನ್ನೇ ಕಂಡೋಳು ನಾನು. ಭಟ್ರು ಸೀನ್ದಾಗ ಹಿಂಗೇ ಎದೆ ಅಲ್ಲಾಡ್ತಿತ್ತು, ಬಾಸಿಂಗ ಬೀಳತ್ತೆ ಅಂತ ನಾನು ಹೆದ್ರಿದ್ದೆ. ನಗು ತಡ್ಕಂಡಿದಾರೆ ಕಣ್ರೀ! ನೀವು ಅಳೋದ್ ಕೇಳಿ ನಗು ತಡ್ಕಂಡಿದಾರೆ!"

ಸಿಂಚನಾ ಬಾಯಿಗೆ ಕೈ ಇಟ್ಟುಕೊಂಡಳು. ನಾನು ಪಂಚೆಯನ್ನು ನೋಡಿದೆ. ಜನರ ಉಸಿರು ಹಿಡಿಸಿ ಎದೆಯ ಅಳತೆ ತೆಗೆದೇ ಮುದುಕನಾದವನು ನಾನು. ನಗು ಹಿಡಿದುಕೊಂಡವನ ಎದೆ ಹೇಗಿರುತ್ತದೆಂದು ನನಗೆ ಗೊತ್ತಾಗಲಿಲ್ಲ. ಆ ಕ್ಯಾಮೆರಾಕ್ಕೆ ಅವತ್ತೇ ಗೊತ್ತಾಗಿತ್ತು.

ಗಿರಿಜಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಚೀಟಿಯನ್ನು ಪಂಚೆ ಕಟ್ಟಿದ ಮೊಳೆಗೇ ತೂಗುಹಾಕಿ, ಬಂದು ಕೂತಳು.

"ಇನ್ನೊಂದ್ ಸಲ ಹಾಕಮ್ಮ ಸಿಂಚನಾ," ಎಂದಳು. "ಈ ಸಲ ದೇವಣ್ಣನ ಅಳು ಸ್ವಲ್ಪ ಜೋರಾಗಿ ಇಡು."